ಬೆಂಬಲ ಪತ್ರ ಸಾಲದು: ಯೂನಿಯನ್ ಜೊತೆ ಊರು ನಿಲ್ಲುವುದು ಯಾವಾಗ?

1968ರಲ್ಲಿ ಅಮೆರಿಕದ ಎರಡು ನಗರಗಳಲ್ಲಿ ಎರಡು ಮುಷ್ಕರ ನಡೆದವು. ಒಂದರಲ್ಲಿ ಊರು ಯೂನಿಯನ್ ಜೊತೆ ನಿಂತಿತು. ಇನ್ನೊಂದರಲ್ಲಿ ಊರೇ ಎದುರಾಳಿಯಾಯಿತು. ಕಾರ್ಮಿಕ ಸಂಘಗಳು ಜನರ ಜೊತೆ ಕೈಜೋಡಿಸಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಆ ಮಾತಿನ ಒಳಗುಟ್ಟು ತಿಳಿಯಬೇಕಾದರೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು ಮೆಂಫಿಸ್‌ನಲ್ಲಿ. ಫೆಬ್ರವರಿ 1ರಂದು ಮಳೆ. ಇಬ್ಬರು ಪೌರಕಾರ್ಮಿಕರು ನೆನೆಯಬಾರದೆಂದು ಕಸದ ಲಾರಿಯ ಹಿಂಭಾಗದೊಳಗೆ ನಿಂತಿದ್ದರು. ಕಸ ಅದುಮುವ ಯಂತ್ರ ತಾನಾಗಿಯೇ ಓಡತೊಡಗಿತು. ಇಬ್ಬರೂ ಅದರಲ್ಲಿ ಸಿಕ್ಕಿ ಸತ್ತರು. ಫೆಬ್ರವರಿ 12ರಂದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಜನ. ಮೇಯರ್ ಹೆನ್ರಿ ಲೋಬ್ ಯೂನಿಯನ್ನಿಗೆ ಮಾನ್ಯತೆ ಕೊಡಲು ಸುತರಾಂ ಒಪ್ಪಲಿಲ್ಲ. ಆಗ ಊರಿನ ಪಾದ್ರಿಗಳೇ ಸೇರಿ ಒಂದು ಸಂಘಟನೆ ಕಟ್ಟಿದರು. ಜೇಮ್ಸ್ ಲಾಸನ್ ಅದರ ಮುಂದಾಳು. ಚರ್ಚುಗಳಲ್ಲಿ ಚಂದಾ ಎತ್ತಿದರು. ಪೇಟೆಯ ಅಂಗಡಿಗಳಲ್ಲಿ ಏನೂ ಕೊಳ್ಳಬೇಡಿ ಎಂದು ಕರೆ ಕೊಟ್ಟರು. 'ನಾನು ಮನುಷ್ಯ' ಎಂದು ಬರೆದ ಫಲಕ ಹಿಡಿದು ಕಾರ್ಮಿಕರು ಮೆರವಣಿಗೆ ಹೊರಟರು. ಮಾರ್ಟಿನ್ ಲೂಥರ್ ಕಿಂಗ್ ಆ ಊರಿಗೆ ಬಂದದ್ದು ಈ ಮುಷ್ಕರಕ್ಕಾಗಿಯೇ. ಏಪ್ರಿಲ್ 4ರಂದು ಅಲ್ಲೇ ಅವರ ಕೊಲೆಯಾಯಿತು. ಏಪ್ರಿಲ್ 16ರಂದು ನಗರಾಡಳಿತ ಯೂನಿಯನ್ನಿಗೆ ಮಾನ್ಯತೆ ಕೊಟ್ಟಿತು, ಕೂಲಿಯನ್ನೂ ಏರಿಸಿತು.

ಎರಡನೆಯದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಓಷನ್ ಹಿಲ್–ಬ್ರೌನ್ಸ್‌ವಿಲ್ ಎಂಬ ಬಡಾವಣೆಯಲ್ಲಿ. ಅಲ್ಲಿನ ಮಕ್ಕಳು ಹೆಚ್ಚಾಗಿ ಕಪ್ಪು ಮತ್ತು ಪೋರ್ಟೊ ರಿಕೊ ಮೂಲದವರು. ಶಾಲೆಗಳನ್ನು ಸ್ಥಳೀಯರೇ ನೋಡಿಕೊಳ್ಳಲಿ ಎಂದು ಪ್ರಯೋಗಕ್ಕಾಗಿ ಒಂದು ಮಂಡಳಿ ಮಾಡಿದ್ದರು. ಅದರಲ್ಲಿ ಪೋಷಕರೂ ಇದ್ದರು. ಆ ಮಂಡಳಿ ಮೇ ತಿಂಗಳಲ್ಲಿ 13 ಶಿಕ್ಷಕರನ್ನು, ಜೊತೆಗೆ ಕೆಲವು ಆಡಳಿತಗಾರರನ್ನು ಬಡಾವಣೆಯಿಂದ ಹೊರಗೆ ಕಳಿಸಿತು. ವಿಚಾರಣೆಯಿಲ್ಲದೆ ಹೀಗೆ ಮಾಡುವಂತಿಲ್ಲ ಎಂದು ಶಿಕ್ಷಕರ ಯೂನಿಯನ್ ಹಟ ಹಿಡಿಯಿತು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಒಂದರ ಹಿಂದೆ ಒಂದು ಮುಷ್ಕರ. ನಗರದ ಹೆಚ್ಚಿನ ಶಾಲೆಗಳಲ್ಲಿ 36 ದಿನ ಪಾಠ ನಡೆಯಲಿಲ್ಲ. ಕೊನೆಗೆ ಯೂನಿಯನ್ ಗೆದ್ದಿತು. ಆದರೆ ಆ ಯೂನಿಯನ್ನಿಗೂ ಕಪ್ಪು ಪೋಷಕರಿಗೂ ನಡುವೆ ಬಿದ್ದ ಬಿರುಕು ದಶಕಗಳ ಕಾಲ ಮುಚ್ಚಲಿಲ್ಲ.

ನ್ಯೂಯಾರ್ಕ್ ಯೂನಿಯನ್ ಹೇಳಿದ್ದು ತಪ್ಪು ಅಂತ ಸುಮ್ನೆ ತಳ್ಳಿಹಾಕಲು ಬರುವುದಿಲ್ಲ. ವಿಚಾರಣೆಯಿಲ್ಲದೆ ಯಾರನ್ನೂ ಎತ್ತಂಗಡಿ ಮಾಡಬಾರದು ಎನ್ನುವುದು ಕಾರ್ಮಿಕ ಚಳವಳಿಯ ಮೂಲ ತತ್ವ. ಅದನ್ನು ಬಿಟ್ಟುಕೊಟ್ಟರೆ ಯೂನಿಯನ್ ಯಾಕೆ ಬೇಕು? ಆದರೆ ಮೆಂಫಿಸ್‌ನಲ್ಲಿ ಕಸ ಎತ್ತುವವನೂ ಚರ್ಚಿಗೆ ಬರುವವನೂ ಒಬ್ಬನೇ ಆಗಿದ್ದ. ಅವನ ಕೂಲಿಯ ಪ್ರಶ್ನೆ ಊರಿನ ಮಾನದ ಪ್ರಶ್ನೆಯೂ ಆಗಿತ್ತು. ನ್ಯೂಯಾರ್ಕ್‌ನಲ್ಲಿ ಪೋಷಕರಿಗೂ ಒಂದು ನ್ಯಾಯವಾದ ಬೇಡಿಕೆ ಇತ್ತು. ತಮ್ಮ ಮಕ್ಕಳ ಶಾಲೆಯ ವಿಷಯದಲ್ಲಿ ತಮಗೂ ಮಾತು ಇರಲಿ ಎನ್ನುವುದು. ಯೂನಿಯನ್ನಿನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ನನ್ನ ವಾದ ಇಷ್ಟೇ. ಮುಷ್ಕರ ಶುರುವಾದ ಮೇಲೆ ಬೆಂಬಲ ಪತ್ರ ಕೇಳುತ್ತಾ ಓಡಾಡಿದರೆ ಸಿಗುವುದು ಪತ್ರ ಮಾತ್ರ. ಊರಿನ ಸಮಸ್ಯೆ ಯೂನಿಯನ್ನಿನ ಬೇಡಿಕೆ ಪಟ್ಟಿಯಲ್ಲಿ ಮೊದಲೇ ಇದ್ದು, ಅದಕ್ಕಾಗಿ ಯೂನಿಯನ್ ತಾನೂ ಏನಾದರೂ ಕಳೆದುಕೊಳ್ಳಲು ತಯಾರಿದ್ದರೆ ಮಾತ್ರ ಊರು ಜೊತೆಗೆ ಬರುತ್ತದೆ.

ಸಂಬಳ ಕೊಡುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು

ಇದು ಈಗ ಯಾಕೆ ಇಷ್ಟು ಮುಖ್ಯವಾಯಿತು? ಹಳೆಯ ಲೆಕ್ಕ ಸರಳವಾಗಿತ್ತು. ಒಂದು ಕಾರ್ಖಾನೆ, ಒಂದು ಗೇಟು, ಒಬ್ಬ ಮಾಲೀಕ. ಗೇಟ್ ಮೀಟಿಂಗ್ ಮಾಡಿ ಎಲ್ಲರೂ ಹೊರಗೆ ಬಂದರೆ ಉತ್ಪಾದನೆ ನಿಲ್ಲುತ್ತಿತ್ತು. ನಷ್ಟ ಆಗುತ್ತಿದ್ದದ್ದು ತೀರ್ಮಾನ ಮಾಡುವವನಿಗೇ. ಹಾಗಾಗಿ ಅವನು ಮಾತುಕತೆಗೆ ಬರುತ್ತಿದ್ದ.

ಈಗ ಒಂದು ದೊಡ್ಡ ಆಫೀಸ್ ಕಟ್ಟಡವನ್ನು ರಾತ್ರಿ ಹೊತ್ತು ಗುಡಿಸಿ ಒರೆಸುವವರನ್ನೇ ತೆಗೆದುಕೊಳ್ಳಿ. ಅವರಿಗೆ ಸಂಬಳ ಕೊಡುವವನು ಗುತ್ತಿಗೆದಾರ. ಗುತ್ತಿಗೆಯ ದರ ನಿಗದಿ ಮಾಡುವುದು ಕಟ್ಟಡದ ಒಡೆಯ, ಇಲ್ಲವೇ ಅಲ್ಲಿ ಬಾಡಿಗೆಗಿರುವ ಬ್ಯಾಂಕು. ಕೂಲಿ ಜಾಸ್ತಿ ಕೊಡಿ ಎಂದರೆ ಗುತ್ತಿಗೆದಾರ, 'ನನಗೆ ಸಿಗುವುದೇ ಇಷ್ಟು, ಏರಿಸಿದರೆ ಮುಂದಿನ ಟೆಂಡರ್ ಇನ್ನೊಬ್ಬನಿಗೆ ಹೋಗುತ್ತದೆ' ಅನ್ನುತ್ತಾನೆ. ಅದು ಪೂರ್ತಿ ಸುಳ್ಳೂ ಅಲ್ಲ. ಬ್ಯಾಂಕಿಗೆ ಹೋದರೆ, 'ಇವರು ನಮ್ಮ ನೌಕರರೇ ಅಲ್ಲವಲ್ಲ' ಎಂಬ ಉತ್ತರ. ಮುಷ್ಕರ ಮಾಡಿದರೆ ಗುತ್ತಿಗೆದಾರನೇ ಬದಲಾಗಿಬಿಡುತ್ತಾನೆ. ಆ್ಯಪ್ ಮೂಲಕ ಕೆಲಸ ಮಾಡುವವರಿಗಂತೂ ಸೇರಿ ನಿಲ್ಲಲು ಒಂದು ಗೇಟೂ ಇಲ್ಲ.

ಯೂನಿಯನ್‌ಗಳೂ ಸೊರಗಿವೆ. ಅಮೆರಿಕದಲ್ಲಿ 1983ರಲ್ಲಿ ಸಂಬಳದ ನೌಕರರ ಪೈಕಿ ಶೇ. 20.1ರಷ್ಟು ಜನ ಸದಸ್ಯರಾಗಿದ್ದರು. 2024ರಲ್ಲಿ ಅದು ಶೇ. 9.9. ಸದಸ್ಯರ ಬಲವೊಂದನ್ನೇ ನಂಬಿ ಕೂತರೆ ನಡೆಯುವುದಿಲ್ಲ ಎಂದು ಅವರಿಗೂ ಗೊತ್ತಾಗಿದೆ. ಮೈತ್ರಿಯ ಮಾತಿನ ಹಿಂದೆ ಆದರ್ಶ ಎಷ್ಟಿದೆಯೋ ಅನಿವಾರ್ಯತೆಯೂ ಅಷ್ಟೇ ಇದೆ.

ಕಟ್ಟಡ ಶುಚಿ ಮಾಡುವವರ 'ಜಸ್ಟಿಸ್ ಫಾರ್ ಜಾನಿಟರ್ಸ್' ಚಳವಳಿ 1980ರ ದಶಕದಲ್ಲೇ ಈ ಗಂಟನ್ನು ಬಿಡಿಸಲು ನೋಡಿತು. ಗುತ್ತಿಗೆದಾರನ ಹಿಂದೆ ಬೀಳುವ ಬದಲು ಕಟ್ಟಡದ ಒಡೆಯರ ಹೆಸರನ್ನು ಬೀದಿಗೆ ತಂದಿತು. 1990ರ ಜೂನ್ 15ರಂದು ಲಾಸ್ ಏಂಜಲೀಸ್‌ನ ಸೆಂಚುರಿ ಸಿಟಿಯಲ್ಲಿ ಶಾಂತವಾಗಿ ಹೊರಟಿದ್ದ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ಟಿವಿಯಲ್ಲಿ ಅದನ್ನು ಕಂಡ ಊರು ಸಿಟ್ಟಿಗೆದ್ದಿತು. ಸ್ವಲ್ಪ ದಿನಗಳಲ್ಲೇ ಅಲ್ಲಿನ ದೊಡ್ಡ ಗುತ್ತಿಗೆ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು.

ಲಂಡನ್ನಿನಲ್ಲಿ 2001ರಲ್ಲಿ ಶುರುವಾದ 'ಲಿವಿಂಗ್ ವೇಜ್' ಚಳವಳಿಯದೂ ಇದೇ ದಾರಿ. ನಗರದ ಪೂರ್ವ ಭಾಗದ ಚರ್ಚು, ಮಸೀದಿ, ಶಾಲೆ ಮತ್ತು ಯೂನಿಯನ್ ಶಾಖೆಗಳು ಒಂದು ಒಕ್ಕೂಟದಲ್ಲಿ ಸೇರಿದ್ದವು. ಬದುಕಲು ಸಾಕಾಗುವಷ್ಟು ಕೂಲಿ ಬೇಕು ಎಂದು ಅವರು ಕೇಳಿದ್ದು ಗುತ್ತಿಗೆ ಕಂಪನಿಗಳನ್ನಲ್ಲ. ದೊಡ್ಡ ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯಗಳನ್ನು. ಇವಕ್ಕೆ ಒಂದು ಹೆಸರಿದೆ, ಆ ಹೆಸರು ಕೆಡಬಾರದು ಎಂಬ ಭಯವೂ ಇದೆ. ಷೇರುದಾರರ ಸಭೆಗೇ ಹೋಗಿ ಪ್ರಶ್ನೆ ಕೇಳಿದರು. ಒಂದೊಂದಾಗಿ ಸಂಸ್ಥೆಗಳು ಒಪ್ಪಿಕೊಂಡವು. ಇದರಲ್ಲಿ ಒಂದು ಕೊರತೆಯೂ ಇದೆ. ಅಲ್ಲಿ ಗೆದ್ದದ್ದು ಗಂಟೆಯ ದರ. ಕೆಲಸದ ಗಂಟೆಗಳನ್ನೇ ಕಡಿತ ಮಾಡಿದರೆ ಯಾರು ಕೇಳಬೇಕು? ಕೇಳಲು ಒಳಗೊಂದು ಯೂನಿಯನ್ ಇರಬೇಕು. ದರ ಕೊಡಲು ಒಪ್ಪಿದ ಮಾತ್ರಕ್ಕೆ ಸಂಸ್ಥೆ ಯೂನಿಯನ್ನಿಗೆ ಮಾನ್ಯತೆ ಕೊಟ್ಟಂತಾಗಲಿಲ್ಲ. ಊರಿನ ಒತ್ತಡ ಬಾಗಿಲು ತೆರೆಸುತ್ತದೆ, ಒಳಗೆ ಕೂತು ದಿನಾ ಕಾವಲು ಕಾಯುವುದಿಲ್ಲ.

ಕೆಲಸವನ್ನೇ ಬೇಡ ಎಂದ ಕಟ್ಟಡ ಕಾರ್ಮಿಕರು

ಯೂನಿಯನ್ ತಾನೂ ಏನಾದರೂ ಕಳೆದುಕೊಳ್ಳಬೇಕು ಎಂದೆನಲ್ಲ, ಅದಕ್ಕೆ ಸಿಡ್ನಿಯ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

1971. ಸಿಡ್ನಿಯ ಹಂಟರ್ಸ್ ಹಿಲ್‌ನಲ್ಲಿ ಕೆಲ್ಲೀಸ್ ಬುಷ್ ಎಂಬ ಸಣ್ಣ ಕಾಡುತುಂಡು ಉಳಿದಿತ್ತು. ಅಲ್ಲಿ ಮನೆ ಕಟ್ಟಲು ಒಂದು ಕಂಪನಿ ಹೊರಟಿತು. ಹದಿಮೂರು ಹೆಂಗಸರು ಸೇರಿ ವಿರೋಧಿಸಿದರು. ಅವರು ಅನುಕೂಲಸ್ಥ ಬಡಾವಣೆಯವರು, ಯೂನಿಯನ್‌ಗಳ ಕಡೆ ತಲೆಹಾಕಿಯೂ ಮಲಗದಂಥವರು. ಪಾಲಿಕೆ, ಸರ್ಕಾರ ಎಲ್ಲ ಕಡೆ ಅಲೆದು ಸೋತ ಮೇಲೆ ಕಟ್ಟಡ ಕಾರ್ಮಿಕರ ಯೂನಿಯನ್ನಿನ ಬಾಗಿಲು ತಟ್ಟಿದರು. ಅದರ ಕಾರ್ಯದರ್ಶಿ ಜ್ಯಾಕ್ ಮಂಡಿ, ಕಮ್ಯುನಿಸ್ಟ್. ಯೂನಿಯನ್ ತಕ್ಷಣ 'ಆಯ್ತು' ಅನ್ನಲಿಲ್ಲ. ಒಂದು ಬಹಿರಂಗ ಸಭೆ ಕರೆಯಿರಿ, ಊರಿನವರು ನಿಮ್ಮ ಜೊತೆ ಇದ್ದಾರೆ ಎಂದು ತೋರಿಸಿ ಎಂದಿತು. ಸುಮಾರು 600 ಜನ ಸೇರಿದರು. ಆ ಜಾಗದಲ್ಲಿ ನಮ್ಮ ಸದಸ್ಯರು ಕೆಲಸ ಮಾಡುವುದಿಲ್ಲ ಎಂದು ಯೂನಿಯನ್ ಘೋಷಿಸಿತು.

ಯೂನಿಯನ್ನಿನಲ್ಲಿ ಇಲ್ಲದ ಕೂಲಿಗಳನ್ನು ತಂದು ಕಟ್ಟುತ್ತೇವೆ ಎಂದಿತು ಕಂಪನಿ. ಅದೇ ಕಂಪನಿಯ ಇನ್ನೊಂದು ಕಟ್ಟಡ ಉತ್ತರ ಸಿಡ್ನಿಯಲ್ಲಿ ಅರ್ಧ ಎದ್ದಿತ್ತು. ಅಲ್ಲಿನ ಕೆಲಸಗಾರರು ಸಭೆ ಸೇರಿ ತೀರ್ಮಾನಿಸಿದರು: ಕೆಲ್ಲೀಸ್ ಬುಷ್‌ನಲ್ಲಿ ಒಂದು ಮರ ಕಡಿದರೂ ಈ ಕಟ್ಟಡ ಅರ್ಧಕ್ಕೇ ನಿಂತು ಅದರ ಸ್ಮಾರಕವಾಗುತ್ತದೆ. ಕಂಪನಿ ಹಿಂದೆ ಸರಿಯಿತು. ಕಾಡು ಇವತ್ತಿಗೂ ಇದೆ.

ಇದಕ್ಕೆ 'ಗ್ರೀನ್ ಬ್ಯಾನ್' ಎಂದು ಹೆಸರಾಯಿತು. 1974ರ ಹೊತ್ತಿಗೆ ಇಂಥ 40ಕ್ಕೂ ಹೆಚ್ಚು ತಡೆಗಳು ಜಾರಿಯಲ್ಲಿದ್ದವು. ಹಳೆಯ ಬಂದರು ಬಡಾವಣೆ ದಿ ರಾಕ್ಸ್ ಉಳಿದದ್ದು, ಬಡ ಬಾಡಿಗೆದಾರರ ಮನೆಗಳು ಕೆಲವು ಕಡೆ ಉಳಿದದ್ದು ಇದರಿಂದಲೇ. ಊರಿನವರು ಬಂದು ಕೇಳಬೇಕು, ಬಹಿರಂಗ ಸಭೆಯಲ್ಲಿ ಬೆಂಬಲ ತೋರಿಸಬೇಕು, ಆಮೇಲಷ್ಟೇ ತಡೆ ಎಂಬ ನಿಯಮವನ್ನು ಯೂನಿಯನ್ ಉದ್ದಕ್ಕೂ ಪಾಲಿಸಿತು. ಯಾವುದು ಊರಿಗೆ ಒಳ್ಳೆಯದು ಎಂದು ನಾಯಕರೇ ಕೂತು ತೀರ್ಮಾನಿಸಲಿಲ್ಲ. ಒಳಗೂ ಶಿಸ್ತಿತ್ತು. ಪದಾಧಿಕಾರಿಗಳಿಗೆ ಕೂಲಿಗಳಷ್ಟೇ ಸಂಬಳ, ಅಧಿಕಾರಕ್ಕೆ ಅವಧಿಯ ಮಿತಿ. ಮಂಡಿ ತಮ್ಮ ಅವಧಿ ಮುಗಿದಾಗ ಇಳಿದುಹೋದರು.

ಇದನ್ನು ಹೊಗಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಆಗ ಸಿಡ್ನಿಯಲ್ಲಿ ಕಟ್ಟಡ ಕೆಲಸದ ಸುಗ್ಗಿ. ಒಂದು ಕಡೆ ಬೇಡ ಎಂದರೆ ಇನ್ನೊಂದು ಕಡೆ ಕೆಲಸ ಸಿಗುತ್ತಿತ್ತು. ಸುಗ್ಗಿ ಇಳಿಯುತ್ತಿದ್ದಂತೆ ಬಿಲ್ಡರ್‌ಗಳ ಒತ್ತಡ ಜೋರಾಯಿತು. 1974–75ರಲ್ಲಿ ಅದೇ ಯೂನಿಯನ್ನಿನ ರಾಷ್ಟ್ರೀಯ ನಾಯಕತ್ವ ಸಿಡ್ನಿಯ ಶಾಖೆಯನ್ನು ವಶಕ್ಕೆ ತೆಗೆದುಕೊಂಡು ಮಂಡಿಯವರ ಗುಂಪನ್ನು ಹೊರಹಾಕಿತು. ಕೆಲಸ ಸಿಗದ ಕಾಲದಲ್ಲಿ ಕೆಲಸ ಬೇಡ ಎನ್ನಲು ಎಷ್ಟು ಯೂನಿಯನ್‌ಗಳಿಗೆ ಧೈರ್ಯ ಬರುತ್ತದೆ? ಗಣಿ, ಉಕ್ಕು, ಕಲ್ಲಿದ್ದಲು ಕಾರ್ಮಿಕರಿಗೂ ಪರಿಸರದ ಹೋರಾಟಗಾರರಿಗೂ ನಡೆಯುವ ಜಗಳದ ಬೇರು ಇಲ್ಲೇ ಇದೆ. ಇವರ ಊಟ ಹೋಗುತ್ತದೆ, ಅವರ ನೀರು ಉಳಿಯುತ್ತದೆ. ಪರ್ಯಾಯ ಕೆಲಸದ ಮಾತಿಲ್ಲದೆ ಬರೀ ಮೈತ್ರಿಯ ಮಾತು ಆಡಿದರೆ ಗಣಿ ಕಾರ್ಮಿಕ ಯಾಕೆ ಕೇಳುತ್ತಾನೆ?

ಗಣಿಯ ಮಾತು ಬಂದಾಗ ಛತ್ತೀಸ್‌ಗಢದ ದಲ್ಲಿ ರಾಜಹರಾ ಎಂಬ ಊರು ನೆನಪಾಗುತ್ತದೆ. ಭಿಲಾಯಿ ಉಕ್ಕಿನ ಕಾರ್ಖಾನೆಗೆ ಕಬ್ಬಿಣದ ಅದಿರು ಕೊಡುವ ಗಣಿಗಳು ಅಲ್ಲಿವೆ. 1977ರಲ್ಲಿ ಅಲ್ಲಿನ ಗುತ್ತಿಗೆ ಕಾರ್ಮಿಕರು ಹಳೆಯ ಯೂನಿಯನ್‌ಗಳನ್ನು ಬಿಟ್ಟು ತಮ್ಮದೇ ಸಂಘ ಕಟ್ಟಿದರು. ಶಂಕರ್ ಗುಹಾ ನಿಯೋಗಿ ನಾಯಕರು. ಅದೇ ವರ್ಷ ಪೊಲೀಸ್ ಗೋಲಿಬಾರಿನಲ್ಲಿ ಕಾರ್ಮಿಕರು ಸತ್ತರು. ಹೋರಾಟದಿಂದ ಕೂಲಿಯೇನೋ ಏರಿತು. ಏರಿದ ದುಡ್ಡು ಸಾರಾಯಿ ಅಂಗಡಿಗೆ ಹೋಗತೊಡಗಿತು. ಸಂಘ ಅದನ್ನೂ ತನ್ನ ವಿಷಯ ಎಂದುಕೊಂಡಿತು. ಕುಡಿತದ ವಿರುದ್ಧ ದೊಡ್ಡ ಚಳವಳಿಯೇ ನಡೆಯಿತು, ಹೆಂಗಸರು ಮುಂದೆ ನಿಂತರು. 1983ರಲ್ಲಿ ಕಾರ್ಮಿಕರು ತಮ್ಮ ದುಡ್ಡು, ತಮ್ಮ ಮೈದುಡಿಮೆ ಹಾಕಿ ಶಹೀದ್ ಆಸ್ಪತ್ರೆ ಕಟ್ಟಿದರು. ಸುತ್ತಲ ಹಳ್ಳಿಯ ರೈತರಿಗೂ ಅಲ್ಲಿ ಚಿಕಿತ್ಸೆ. 1991ರ ಸೆಪ್ಟೆಂಬರ್ 28ರಂದು ನಿಯೋಗಿಯವರನ್ನು ಭಿಲಾಯಿಯಲ್ಲಿ ಗುಂಡಿಕ್ಕಿ ಕೊಂದರು. ಆಸ್ಪತ್ರೆ ಮುಂದೆಯೂ ನಡೆಯಿತು. ಇಲ್ಲಿ ಮೈತ್ರಿ ಎಂಬ ಪದವೇ ಅಷ್ಟಾಗಿ ಹೊಂದುವುದಿಲ್ಲ ಎನಿಸುತ್ತದೆ. ಯೂನಿಯನ್ ಒಂದು ಕಡೆ, ಊರು ಇನ್ನೊಂದು ಕಡೆ ಎಂದು ಗೆರೆ ಎಳೆಯಲು ಜಾಗವೇ ಇಲ್ಲ.

ಕಾನೂನಿನ ಬೇಲಿ

ಮೈತ್ರಿಗೆ ಅಡ್ಡಿಯಾಗಿ ಕಾನೂನೂ ಇದೆ. ಅಮೆರಿಕದಲ್ಲಿ 1947ರ ಟಾಫ್ಟ್–ಹಾರ್ಟ್‌ಲಿ ಕಾಯ್ದೆ ಯೂನಿಯನ್‌ಗಳ ಕೈ ಕಟ್ಟಿತು. ತಮ್ಮ ಮಾಲೀಕನನ್ನು ಬಿಟ್ಟು, ಅವನ ಜೊತೆ ವ್ಯವಹಾರ ಮಾಡುವ ಮೂರನೆಯವರ ಮೇಲೆ ಬಹಿಷ್ಕಾರದ ಒತ್ತಡ ಹಾಕುವಂತಿಲ್ಲ. ಬ್ರಿಟನ್ನಿನಲ್ಲೂ ಬೇರೆಯವರ ಜಗಳಕ್ಕೆ ಬೆಂಬಲವಾಗಿ ಮುಷ್ಕರ ಮಾಡಿದರೆ ಕಾನೂನಿನ ರಕ್ಷಣೆ ಇಲ್ಲ. ಹಿಡಿತ ಇರುವುದೇ ಮೂರನೆಯವರ ಕೈಯಲ್ಲಿ ಎಂದಾಗ ಈ ಬೇಲಿ ಎಷ್ಟು ಬಿಗಿ ಎಂದು ಊಹಿಸಬಹುದು.

ಇಲ್ಲೊಂದು ವಿಚಿತ್ರವಿದೆ. ಕ್ಯಾಲಿಫೋರ್ನಿಯಾದ ಡೆಲೆನೊದಲ್ಲಿ 1965ರ ಸೆಪ್ಟೆಂಬರ್ 8ರಂದು ಲ್ಯಾರಿ ಇಟ್ಲಿಯಾಂಗ್ ನಾಯಕತ್ವದಲ್ಲಿ ಫಿಲಿಪಿನೊ ಕೂಲಿಗಳು ದ್ರಾಕ್ಷಿ ತೋಟದ ಕೆಲಸ ನಿಲ್ಲಿಸಿದರು. ಎಂಟು ದಿನಕ್ಕೆ ಸೀಸರ್ ಚಾವೆಜ್, ಡೊಲೊರೆಸ್ ಹುಯೆರ್ತಾ ಅವರ ಸಂಘದ ಮೆಕ್ಸಿಕನ್ ಮೂಲದ ಕೂಲಿಗಳೂ ಸೇರಿಕೊಂಡರು. ಅದುವರೆಗೆ ತೋಟದ ಮಾಲೀಕರು ಒಂದು ಗುಂಪಿನ ಮುಷ್ಕರವನ್ನು ಇನ್ನೊಂದು ಗುಂಪನ್ನು ತಂದು ಮುರಿಯುತ್ತಿದ್ದರು. ಮೊದಲ ಮೈತ್ರಿ ಕೂಲಿಗಳ ನಡುವೆಯೇ ಆಗಬೇಕಿತ್ತು, ಆಯಿತು. ಆಮೇಲೆ ನಗರಗಳಿಗೆ ಹೋಗಿ, ಈ ದ್ರಾಕ್ಷಿ ಕೊಳ್ಳಬೇಡಿ, ಅಂಗಡಿಯವರು ಮಾರಬೇಡಿ ಎಂದು ಕೇಳಿದರು. ಬೇರೆ ಯೂನಿಯನ್ ಆಗಿದ್ದರೆ ಅಂಗಡಿಗಳ ಮೇಲಿನ ಒತ್ತಡಕ್ಕೆ ಕಾನೂನು ಅಡ್ಡ ಬರುತ್ತಿತ್ತು. ಆದರೆ 1935ರ ಕಾರ್ಮಿಕ ಕಾಯ್ದೆಯಲ್ಲಿ ಕೃಷಿ ಕೂಲಿಗಳನ್ನು ಹೊರಗಿಟ್ಟಿದ್ದರು. ರಕ್ಷಣೆಯೂ ಇಲ್ಲ, ಹಾಗಾಗಿ ನಿಷೇಧವೂ ಇಲ್ಲ! ಹೊರಗಿಟ್ಟಿದ್ದೇ ಅವರಿಗೆ ಆಯುಧವಾಯಿತು. 1970ರ ಜುಲೈನಲ್ಲಿ ಡೆಲೆನೊದ ಮಾಲೀಕರು ಸಹಿ ಹಾಕಿದರು. ಮೂರು ವರ್ಷದ ಮೇಲೆ ಒಪ್ಪಂದ ಮುಗಿದಾಗ ಬಹಳಷ್ಟು ಮಾಲೀಕರು ಬೇರೊಂದು ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡರು ಎನ್ನುವುದನ್ನೂ ಮರೆಯಬಾರದು.

ಶಿಕಾಗೊ ಶಿಕ್ಷಕರು ಬೇಲಿಯನ್ನು ಇನ್ನೊಂದು ರೀತಿಯಲ್ಲಿ ದಾಟಿದರು. ಅಲ್ಲಿನ ಆಗಿನ ಕಾನೂನಿನ ಪ್ರಕಾರ ಸಂಬಳದಂಥ ವಿಷಯಕ್ಕೆ ಮಾತ್ರ ಮುಷ್ಕರ ಮಾಡಬಹುದಿತ್ತು. ಮುಷ್ಕರಕ್ಕೆ ಒಟ್ಟು ಸದಸ್ಯರಲ್ಲಿ ಶೇ. 75 ಮಂದಿ ಒಪ್ಪಬೇಕು ಎಂಬ ಷರತ್ತನ್ನು 2011ರಲ್ಲಿ ಹೊಸದಾಗಿ ಸೇರಿಸಿದ್ದರು. ಅಷ್ಟು ಜನ ಒಪ್ಪುವುದು ಅಸಾಧ್ಯ ಎಂಬ ಲೆಕ್ಕಾಚಾರ. ಆದರೆ 2012ರಲ್ಲಿ ಒಪ್ಪಿದವರು ಹತ್ತಿರಹತ್ತಿರ ಶೇ. 90. ಕ್ಯಾರೆನ್ ಲೂಯಿಸ್ ನಾಯಕತ್ವದ ಯೂನಿಯನ್ ಎರಡು ವರ್ಷದಿಂದ ಪೋಷಕರ ನಡುವೆ ಓಡಾಡಿತ್ತು. ಶಾಲೆ ಮುಚ್ಚುವ ಯೋಜನೆಗಳ ವಿರುದ್ಧದ ಸಭೆಗಳಲ್ಲಿ ಪೋಷಕರ ಪಕ್ಕ ಕೂತಿತ್ತು. ತರಗತಿಯಲ್ಲಿ ಮಕ್ಕಳ ಸಂಖ್ಯೆ, ಲೈಬ್ರರಿ, ನರ್ಸ್, ಸಂಗೀತ, ಚಿತ್ರಕಲೆ ಎಂದು ಶಾಲೆಗಳಿಗೆ ಬೇಕಾದದ್ದನ್ನೆಲ್ಲ ಒಂದು ವರದಿಯಲ್ಲಿ ಬರೆದಿತ್ತು. ಕಾಗದದ ಮೇಲೆ ಮುಷ್ಕರ ಸಂಬಳದ್ದು, ಬೀದಿಯಲ್ಲಿ ಮಾತು ಮಕ್ಕಳದ್ದು. ಮುಷ್ಕರ ಏಳು ಶಾಲಾ ದಿನ ನಡೆಯಿತು. ನಾಯಕರು ಕರಡು ಒಪ್ಪಂದ ತಂದಾಗ, ಓದದೆ ನಿಲ್ಲಿಸುವುದಿಲ್ಲ ಎಂದು ಪ್ರತಿನಿಧಿಗಳು ಎರಡು ದಿನ ಹೆಚ್ಚು ತೆಗೆದುಕೊಂಡರು. ನನಗೆ ಆ ಮುಷ್ಕರದಲ್ಲಿ ತುಂಬ ಇಷ್ಟವಾದ ಸಂಗತಿ ಇದು.

ಮರುವರ್ಷವೇ ನಗರಾಡಳಿತ 50ರಷ್ಟು ಶಾಲೆ ಮುಚ್ಚಿತು. ಮೈತ್ರಿಗೆ ಅದನ್ನು ತಡೆಯಲು ಆಗಲಿಲ್ಲ. ಆದರೂ ಅದು ಚದುರಲಿಲ್ಲ. 2019ರಲ್ಲಿ ಮತ್ತೆ 11 ಶಾಲಾ ದಿನ ಮುಷ್ಕರ ಮಾಡಿ, ಪ್ರತಿ ಶಾಲೆಗೂ ನರ್ಸ್ ಮತ್ತು ಸಮಾಜ ಕಾರ್ಯಕರ್ತರು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಲಾಸ್ ಏಂಜಲೀಸ್ ಶಿಕ್ಷಕರು ವಲಸೆ ಕುಟುಂಬಗಳಿಗೆ ವಕೀಲರ ನೆರವು ಬೇಕು ಎಂದು ಮಾತುಕತೆಯ ಮೇಜಿನ ಮೇಲೆ ಇಟ್ಟು ಗೆದ್ದಿದ್ದರು.

ಮುರಿಯುವುದು ಎಲ್ಲಿ?

ಎಷ್ಟು ಗಟ್ಟಿ ಮೈತ್ರಿಯಾದರೂ ಗೆಲುವು ಖಾತ್ರಿಯಿಲ್ಲ. ಬ್ರಿಟನ್ನಿನ ಗಣಿ ಕಾರ್ಮಿಕರ 1984–85ರ ಮುಷ್ಕರಕ್ಕೆ ಸಿಕ್ಕಷ್ಟು ಜನಬೆಂಬಲ ಕಡಿಮೆ ಹೋರಾಟಗಳಿಗೆ ಸಿಕ್ಕಿದೆ. ಗಣಿಯೂರುಗಳ ಹೆಂಗಸರು ವರ್ಷವಿಡೀ ಸಾಮೂಹಿಕ ಅಡುಗೆಮನೆ ನಡೆಸಿದರು. ಲಂಡನ್ನಿನ ಸಲಿಂಗಿ ಗೆಳೆಯರು ದುಡ್ಡು ಎತ್ತಿ ವೇಲ್ಸ್‌ನ ಕಣಿವೆಗೆ ಕಳಿಸಿದರು. ಮುಷ್ಕರ ಸೋತಿತು. ಆದರೆ ಮುಷ್ಕರ ಮುಗಿದ ಮೇಲೆ, 1985ರಲ್ಲಿ, ಸಲಿಂಗಿಗಳ ಹಕ್ಕಿನ ನಿರ್ಣಯ ಲೇಬರ್ ಪಕ್ಷದ ಸಮ್ಮೇಳನಕ್ಕೆ ಬಂದಾಗ ಗಣಿ ಯೂನಿಯನ್ ಅದರ ಪರ ನಿಂತಿತು. ಕೊಟ್ಟದ್ದು ತಿರುಗಿ ಬಂತು.

ಹೆಚ್ಚಿನ ಮೈತ್ರಿಗಳು ಸೋಲಿಗಿಂತ ಸಣ್ಣ ವಿಷಯಕ್ಕೆ ಮುರಿಯುತ್ತವೆ. ಯೂನಿಯನ್ನಿಗೆ ಒಪ್ಪಂದದ ದಿನಾಂಕವಿದೆ, ಗಡುವಿದೆ. ಬಡಾವಣೆಯ ಸಂಘಕ್ಕೆ ಗಡುವಿಲ್ಲ, ಅದರ ಸಮಸ್ಯೆ ವರ್ಷಗಟ್ಟಲೆಯದು. ಯೂನಿಯನ್ನಿಗೆ ಚಂದಾ ಹಣವಿದೆ, ಆಫೀಸಿದೆ, ಪೂರ್ಣಾವಧಿ ಕೆಲಸಗಾರರಿದ್ದಾರೆ. ಎದುರಿಗಿರುವವರು ಕೆಲಸ ಮುಗಿಸಿ ಸಂಜೆ ಸಭೆಗೆ ಬರುವವರು. ದುಡ್ಡು ಇದ್ದವರ ಮಾತೇ ನಡೆಯುತ್ತದೆ ಎಂಬ ಅನುಮಾನ ಬೇಗ ಹುಟ್ಟುತ್ತದೆ, ಎಷ್ಟೋ ಸಲ ಅದು ನಿಜವೂ ಹೌದು. ಇನ್ನು ಕಾನೂನಿನ ಕಣ್ಣಿಗೆ ಸಹಿ ಹಾಕುವ ಹಕ್ಕು ಯೂನಿಯನ್ನಿಗೆ ಮಾತ್ರ. ಕೊನೆಯ ರಾತ್ರಿ ಮಾಲೀಕರು ಒಳ್ಳೆಯ ಸಂಬಳ ಮುಂದಿಟ್ಟು, ಉಳಿದದ್ದೆಲ್ಲ ಬಿಡಿ ಎನ್ನುತ್ತಾರೆ. ಮೊದಲು ಬಿದ್ದುಹೋಗುವುದು ಊರಿನ ಬೇಡಿಕೆ.

ಇದಕ್ಕೆ ಬರವಣಿಗೆಯಲ್ಲಿ ಉಪಾಯ ಕಂಡುಕೊಂಡ ಒಂದು ಉದಾಹರಣೆ ಬಾಂಗ್ಲಾದೇಶದ್ದು. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,134 ಮಂದಿ ಸತ್ತರು. ಮುಂದಿನ ತಿಂಗಳೇ ಯೂನಿಯನ್‌ಗಳಿಗೂ ವಿದೇಶಿ ಬ್ರಾಂಡ್‌ಗಳಿಗೂ ಕಟ್ಟಡ ಮತ್ತು ಬೆಂಕಿ ಸುರಕ್ಷತೆಯ ಒಪ್ಪಂದವಾಯಿತು. ಅದು ಕಾನೂನುಬದ್ಧ ಒಪ್ಪಂದ, ಮಾತು ತಪ್ಪಿದರೆ ಕೋರ್ಟಿಗೆ ಎಳೆಯಬಹುದಿತ್ತು. ಬ್ರಾಂಡ್‌ಗಳ ಅಂಗಡಿ ಮುಂದೆ ವರ್ಷಗಳಿಂದ ಪ್ರಚಾರ ಮಾಡಿದ್ದ ನಾಲ್ಕು ಸಂಘಟನೆಗಳು ಸಾಕ್ಷಿಗಳಾಗಿ ಅದಕ್ಕೆ ಸಹಿ ಹಾಕಿದವು. ಪಕ್ಷಗಾರರ ಸ್ಥಾನ ಅಲ್ಲ, ಆದರೆ ಕಾಗದದ ಮೇಲೆ ಒಂದು ಜಾಗವಂತೂ ಸಿಕ್ಕಿತು.

ಮುಂದಿನ ದೊಡ್ಡ ಪರೀಕ್ಷೆಗೆ ದಿನಾಂಕವೇ ಗೊತ್ತಾಗಿದೆ. 2023ರ ಮುಷ್ಕರದ ನಂತರ ಅಮೆರಿಕದ ಕಾರು ಕಾರ್ಮಿಕರ ಯೂನಿಯನ್ ಮೂರು ದೊಡ್ಡ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದ 2028ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಮರುದಿನ ಮೇ 1. ನೀವೂ ನಿಮ್ಮ ಒಪ್ಪಂದಗಳನ್ನು ಅದೇ ದಿನಕ್ಕೆ ಹೊಂದಿಸಿಕೊಳ್ಳಿ ಎಂದು ಅಧ್ಯಕ್ಷ ಶಾನ್ ಫೇನ್ ಉಳಿದ ಯೂನಿಯನ್‌ಗಳಿಗೆ ಕರೆ ಕೊಟ್ಟಿದ್ದಾರೆ. ಇಂಥದ್ದರ ಸಣ್ಣ ರೂಪ 2024ರ ಮಾರ್ಚ್‌ನಲ್ಲಿ ಮಿನೆಸೋಟಾದಲ್ಲಿ ನಡೆಯಿತು. ಕಟ್ಟಡ ಶುಚಿ ಮಾಡುವವರು, ವೃದ್ಧರ ಆರೈಕೆ ಕೇಂದ್ರದವರು, ಶಿಕ್ಷಕರು ಮತ್ತು ಬಡಾವಣೆ ಸಂಘಟನೆಗಳು ಬಹಳ ಮುಂಚೆಯೇ ಮಾತಾಡಿಕೊಂಡು ಒಂದೇ ವಾರಕ್ಕೆ ಎಲ್ಲವನ್ನೂ ತಂದು ನಿಲ್ಲಿಸಿದ್ದವು. ಅಲ್ಲಿ ಸೇಂಟ್ ಪಾಲ್ ಶಿಕ್ಷಕರಿಗೆ ಮುಷ್ಕರಕ್ಕೆ ಮೊದಲೇ ಒಪ್ಪಂದ ಸಿಕ್ಕಿತು, ಶುಚಿ ಮಾಡುವವರು ಬೀದಿಗಿಳಿಯಬೇಕಾಯಿತು. 2028ರಲ್ಲಿ ಒಂದು ಮೇಜಿನ ಮೇಲೆ ಒಳ್ಳೆಯ ಒಪ್ಪಂದ ಬಂದು, ಪಕ್ಕದ ಮೇಜು ಇನ್ನೂ ಖಾಲಿ ಇದ್ದರೆ, ಮೊದಲನೆಯವರು ಸಹಿ ಹಾಕಬೇಕೋ ಕಾಯಬೇಕೋ? ಮೇಜೇ ಇಲ್ಲದ ಬಾಡಿಗೆದಾರರ, ಪೋಷಕರ ಬೇಡಿಕೆ ಯಾರ ಪಟ್ಟಿಯಲ್ಲಿ ಸೇರಬೇಕು? ಇದನ್ನು ಏಪ್ರಿಲ್ 30ರ ರಾತ್ರಿ ಕೂತು ಯೋಚಿಸಲು ಆಗುವುದಿಲ್ಲ.